ನೂರಾ ಎಂಬತ್ತಕ್ಕೆ ನಿಂತ ಪತ್ತಾರರು

ದಮ್ಮಿನ ರೋಗಿಗಳನ್ನು ನೋಡುವ ಡಾಕ್ಟರಿಗೆ ನಗುವ ಪ್ರಸಂಗ ಕಡಿಮೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ರಾಣೆಬೆನ್ನೂರಿನಲ್ಲಿ ದವಾಖಾನೆ ಇಟ್ಟ ಮೇಲೆ ಎಂಟು ದಿನಕ್ಕೊಮ್ಮೆಯಾದರೂ ಏನಾದರೊಂದು ನಡೆಯದೆ ಇದ್ದದ್ದಿಲ್ಲ. ಅದರಲ್ಲಿ ಅರ್ಧಕ್ಕರ್ಧ ಸಲ ನಗೆಪಾಟಲಿಗೆ ಈಡಾದವನು ರೋಗಿಯಲ್ಲ, ನಾನು.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ದಮ್ಮಿಗೆ ಬಾಯಲ್ಲಿಟ್ಟು ಒತ್ತಿಕೊಳ್ಳುವ ಪಂಪು ನಮ್ಮ ಕಡೆ ಆಗಷ್ಟೇ ರೂಢಿಗೆ ಬರುತ್ತಿತ್ತು. ಔಷಧ ಬರೆದುಕೊಡುವುದು ನನಗೆ ಕಷ್ಟವಾಗಲಿಲ್ಲ. ಕೊಟ್ಟ ಔಷಧದಿಂದ ರೋಗ ಎಷ್ಟು ಹತೋಟಿಗೆ ಬಂತು ಎಂದು ತಿಳಿದುಕೊಳ್ಳುವುದರಲ್ಲೇ ನಾನು ಹೈರಾಣಾದೆ.

ಆರಾಮ್ರಿ

ನನ್ನ ದವಾಖಾನೆ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹದಿನಾಲ್ಕು ಮೆಟ್ಟಿಲು. "ದಮ್ಮಿನ ಮಂದಿಗೆ ಅಟ್ಟದ ಮ್ಯಾಲ ದವಾಖಾನಿ ಯಾಕ್ರಿ ಸಾಹೇಬ್ರ?" ಎಂದು ನನ್ನ ಕಂಪೌಂಡರು ಕೇಳುತ್ತಲೇ ಇದ್ದರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು, ಕೇಳುವ ಅಧಿಕಾರ ಇತ್ತು. ಮೆಟ್ಟಿಲೇ ಒಂದು ಪರೀಕ್ಷೆ ಎಂದು ನಾನು ಸಮಜಾಯಿಷಿ ಹೇಳುತ್ತಿದ್ದೆ.

ಒಂದು ದಿನ ಕರ್ಜಗಿಯ ರೈತರೊಬ್ಬರು ಆ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದರು. ಹಿಂದೆ ಅವರ ಹೆಂಡತಿ. ತಿಂಗಳ ಹಿಂದೆ ನಾನೇ ಔಷಧ ಕೊಟ್ಟು ಕಳಿಸಿದ್ದೆ. ಬಂದವರು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಭುಜ ಏರಿ ಇಳಿಯುತ್ತಿತ್ತು. ಎದೆಯ ಸಿಳ್ಳು ನನ್ನ ಕುರ್ಚಿಯ ತನಕ ಕೇಳುತ್ತಿತ್ತು.

"ಹೆಂಗದೀರಿ?" ಎಂದೆ.

"ಆ..." ಎಂದರು. ಒಂದು ಉಸಿರು ತೆಗೆದುಕೊಂಡರು. "ರಾ..." ಎಂದರು. ಇನ್ನೊಂದು ಉಸಿರು. "ಮ್ರಿ."

ಕಂಪೌಂಡರು ರೋಗಿಯ ಕಾರ್ಡು ಹಿಡಿದುಕೊಂಡು, "ಆರಾಮ ಅಂತ ಬರೀಲ್ಯೋ, ದಮ್ಮು ಅಂತ ಬರೀಲ್ಯೋ?" ಎಂದು ಕೇಳಿದರು.

ನಾನು ರೈತರ ಕಡೆ ತಿರುಗಿ, "ಆರಾಮ ಇದ್ರ ಇಷ್ಟು ದೂರ ಯಾಕ ಬಂದ್ರಿ?" ಎಂದೆ.

"ಅದನ್ನ... ಹೇಳಿ... ಹೋಗೋಣಂತ... ಬಂದೇನ್ರಿ."

ಅವರನ್ನು ಮಲಗಿಸಿ ಇಂಜೆಕ್ಷನ್ ಕೊಟ್ಟು, ಉಸಿರು ಒಂದು ಹದಕ್ಕೆ ಬಂದ ಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಆಕೆ ಸೆರಗು ಸರಿ ಮಾಡಿಕೊಂಡು ಹೇಳಿದರು: "ಹದಿನೈದು ದಿನದಿಂದ ಹಿಂಗ ಐತ್ರಿ. ನಾ ಹೇಳ್ರಿ ಅಂದೆ. ಡಾಕ್ಟರ್ ಮುಂದ ಆರಾಮಿಲ್ಲ ಅಂದ್ರ ಅವರ ಔಷಧಕ್ಕ ಹೆಸರಿಟ್ಟಂಗ ಆಕ್ಕೈತಿ, ಅವರ ಮನಸಿಗೆ ಬ್ಯಾಸರಾಕ್ಕೈತಿ ಅಂತಾರ್ರಿ."

ನನ್ನ ಮನಸ್ಸಿಗೆ ಬೇಸರವಾಗಬಾರದೆಂದು ಮನುಷ್ಯ ಸಾಯಲು ತಯಾರಿದ್ದ. ಅವತ್ತಿನಿಂದ 'ಆರಾಮ' ಎಂಬ ಮಾತನ್ನು ನಂಬುವುದು ಬಿಟ್ಟುಬಿಟ್ಟೆ. ಇದೇ ಮುಂದೆ ನನಗೆ ಮುಳುವಾಯಿತು.

ಹಿರೇತನ

ಪುಣೆಯಲ್ಲಿದ್ದ ನನ್ನ ಗೆಳೆಯನೊಬ್ಬ ಊರಿಗೆ ಬಂದಾಗ ಒಂದು ಕೊಳವೆ ತಂದುಕೊಟ್ಟ. ಗೇಣಿಗಿಂತ ಸ್ವಲ್ಪ ಉದ್ದ, ಬಿಳಿ ಪ್ಲಾಸ್ಟಿಕ್ಕಿನದು. ಮೈಮೇಲೆ ಅಂಕಿಗಳು, ಅಂಕಿಗಳ ಪಕ್ಕಕ್ಕೆ ಜಾರುವ ಒಂದು ಕೆಂಪು ಮುಳ್ಳು. ಉಸಿರು ತುಂಬ ಎಳೆದುಕೊಂಡು, ತುಟಿ ಬಿಗಿಹಿಡಿದು, ಒಮ್ಮೆಲೇ ಜೋರಾಗಿ ಊದಬೇಕು. ಶ್ವಾಸನಾಳ ಬಿಗಿದಿದ್ದರೆ ಮುಳ್ಳು ಕೆಳಗೇ ನಿಲ್ಲುತ್ತದೆ, ಸಡಿಲಾಗಿದ್ದರೆ ಮೇಲಕ್ಕೇರುತ್ತದೆ. ಗಟ್ಟಿಮುಟ್ಟಾದ ಗಂಡಸು ಊದಿದರೆ ಐನೂರರ ಆಸುಪಾಸು ಬರಬೇಕು. ಇನ್ನು ಮೇಲೆ ಮಾತು ನಂಬುವ ಕೆಲಸವಿಲ್ಲ, ಮುಳ್ಳು ನೋಡಿದರೆ ಸಾಕು ಎಂದು ನನಗೆ ಬಹಳ ಖುಷಿಯಾಯಿತು.

ಕೊಳವೆ ಬಂದ ವಾರವೇ ಹಲಗೇರಿಯಿಂದ ಅಣ್ಣತಮ್ಮಂದಿರಿಬ್ಬರು ಬಂದರು. ದಮ್ಮು ತಮ್ಮನಿಗೆ. ಅಣ್ಣ ಆರಡಿ ಆಳು, ಹೆಗಲ ಮೇಲೆ ಟವೆಲ್ಲು. ತಮ್ಮನಿಗೆ ನಾನು ಏನು ಕೇಳಿದರೂ ಉತ್ತರ ಅಣ್ಣನಿಂದ ಬರುತ್ತಿತ್ತು. ತಮ್ಮನಿಗೆ ಹಸಿವು ಹೇಗಿದೆ, ಕಫದ ಬಣ್ಣ ಯಾವುದು, ಎಲ್ಲ ಅಣ್ಣನಿಗೇ ಗೊತ್ತಿತ್ತು.

ತಮ್ಮ ಊದಿದ. ಮುಳ್ಳು ಇನ್ನೂರಕ್ಕೆ ನಿಂತಿತು. ನಾನು ಅಂಕಿ ಓದಿ ಹೇಳಿದೆ.

ಅಣ್ಣನ ಮುಖ ಸಣ್ಣದಾಯಿತು. "ಇನ್ನೂರೇನ್ರಿ? ನಮ್ಮ ಮನೆತನದಾಗ ಇನ್ನೂರು?" ಎಂದು ತಮ್ಮನ ಕೈಯಿಂದ ಕೊಳವೆ ಕಸಿದುಕೊಂಡು, ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಊದಿಯೇಬಿಟ್ಟರು. ಮುಳ್ಳು ಐನೂರಾ ಎಂಬತ್ತಕ್ಕೆ ಹೋಯಿತು.

"ಇದನ್ನ ಬರಕೋರಿ," ಎಂದರು.

"ಅಲ್ರೀ, ದಮ್ಮು ಅವರಿಗೆ ಐತಿ. ನೀವು ಊದಿದ್ದು ನಾ ಹೆಂಗ ಬರಕೊಳ್ಳಲಿ?"

"ಹೆಂಗ ಅಂದ್ರ? ಮನಿ ಒಂದ ಐತಿ, ಅಡಗಿ ಒಂದ ಐತಿ. ಹಿರೇತನ ನಂದು. ಹೊಲದ ಕಾಗದಕ್ಕ ನಾನ ಸಹಿ ಹಾಕಾಂವ, ಇವನ ಹೆಣ್ಣು ನೋಡಾಕ ಹೋದಾಗ ಹೂಂ ಅಂದಾಂವನೂ ನಾನ."

ತಮ್ಮ ಹೌದೆಂದು ತಲೆಯಾಡಿಸಿದ. ನಾನು ಇನ್ನೂರನ್ನೇ ಬರೆದುಕೊಂಡು, ತಮ್ಮನಿಗೆ ಪಂಪು ಕೊಟ್ಟು ಕಳಿಸಿದೆ. ಆ ಮನೆಯವರು ಮುಂದೆ ಒಂದು ತಿಂಗಳು ನನ್ನ ಕಡೆ ತಲೆ ಹಾಕಲಿಲ್ಲ. ಬಂದಾಗ ತಮ್ಮನ ಮುಳ್ಳು ಮುನ್ನೂರಾ ತೊಂಬತ್ತಕ್ಕೆ ಏರಿತ್ತು, ಪಂಪು ಒಗ್ಗಿತ್ತು. ನಾನು ಹಿಗ್ಗಿ, "ನೋಡ್ರಿ, ಎಷ್ಟು ಛಲೋ ಆಗೇತಿ," ಎಂದೆ. ಅಣ್ಣ ಗಂಭೀರವಾಗಿ, "ಆಗದ ಏನ್ರಿ? ತಿಂಗಳಾತು, ದಿನಾ ನಸಿಕಿನ್ಯಾಗ ಅವಗ ಒಲಿ ಊದಾಕ ಹಚ್ಚೇನಿ," ಎಂದರು.

ಪತ್ತಾರರು

ಹಾವೇರಿಯ ಪತ್ತಾರರೊಬ್ಬರು ಚಳಿಗಾಲದಲ್ಲಿ ನನ್ನ ಹತ್ತಿರ ಬಂದರು. ನಮ್ಮ ಕಡೆ ಪತ್ತಾರರೆಂದರೆ ಬಂಗಾರದ ಕೆಲಸ ಮಾಡುವವರು. ಐವತ್ತು ದಾಟಿದ, ಮಿತಭಾಷಿ ಮನುಷ್ಯ. ಬಂದಾಗ ನಿಜಕ್ಕೂ ಏದುತ್ತಿದ್ದರು. ಕೊಳವೆ ಕೊಟ್ಟು ಊದಿಸಿದೆ. ನೂರಾ ಎಂಬತ್ತು. ಪಂಪು ಬರೆದುಕೊಟ್ಟು, ಒತ್ತುವುದನ್ನು ಕಲಿಸಿ ಕಳಿಸಿದೆ.

ತಿಂಗಳ ಮೇಲೆ ಬಂದರು. ಮೆಟ್ಟಿಲು ಹತ್ತಿ ಬಂದರೂ ಏದುಸಿರು ಇರಲಿಲ್ಲ. ಎದೆಗೆ ಸ್ಟೆತಾಸ್ಕೋಪು ಹಚ್ಚಿದರೆ ಸಿಳ್ಳೂ ಇಲ್ಲ.

"ಹೆಂಗದೀರಿ?"

"ಆರಾಮ್ರಿ. ಛಲೋ ನಿದ್ದಿ ಬರತೈತಿ. ಕೆಮ್ಮಿಲ್ಲ."

ಈ ಆರಾಮಿನ ಮಾತು ನನ್ನ ಹತ್ತಿರ ನಡೆಯುವುದಿಲ್ಲ ಎಂದುಕೊಂಡು ಕೊಳವೆ ಕೊಟ್ಟೆ. ಅವರು ಕಣ್ಣು ಅರ್ಧ ಮುಚ್ಚಿ, ಬಹಳ ಗೌರವದಿಂದ ಊದಿದರು. ನೂರಾ ಎಂಬತ್ತು.

ಔಷಧ ಹೆಚ್ಚಿಸಿದೆ. ಮುಂದಿನ ತಿಂಗಳು ಬಂದು ಮತ್ತೆ ಆರಾಮ ಎಂದರು, ಮತ್ತೆ ನೂರಾ ಎಂಬತ್ತು. ಎದೆ ಸ್ವಚ್ಛವಾಗಿದೆ, ಮನುಷ್ಯ ಚೆನ್ನಾಗಿದ್ದಾರೆ, ಮುಳ್ಳು ಮಾತ್ರ ಅಲ್ಲೇ. ನಾನು ಮನುಷ್ಯನನ್ನು ಬಿಟ್ಟು ಮುಳ್ಳನ್ನು ನಂಬಿದೆ. ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದೆ. ಸಾಲದು ಎಂದು ಗಂಭೀರ ದನಿಯಲ್ಲಿ, "ನೀವು ಬೆಂಕಿ ಮುಂದ ಕುಂದ್ರೂದು ಬಿಡಬೇಕು. ಇದ್ದಲಿ ಹೊಗಿ ನಿಮ್ಮ ಎದಿ ತಿನ್ನಾಕತ್ತೈತಿ," ಎಂದೆ.

ಪತ್ತಾರರು "ಬೆಂಕಿ ಇಲ್ದ ನಮ್ಮ ಕೆಲಸ ಇಲ್ರಿ. ಎಷ್ಟು ದಿನ?" ಎಂದು ಕೇಳಿದರು.

"ಮುಳ್ಳು ಮುನ್ನೂರು ದಾಟೂ ತನಕ."

ಅವರು ಕೈಮುಗಿದು ಇಳಿದುಹೋದರು. ಅವರ ಬೆನ್ನ ಹಿಂದೆಯೇ ಕಂಪೌಂಡರು ಒಳಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ಸಾಹೇಬ್ರ, ಎಂಥಾ ಕೆಲಸ ಮಾಡಿದ್ರಿ! ನನ್ನ ಮಗಳ ಬೋರಮಾಳ ಅವರ ಕಡೆ ಐತಿ. ಅರ್ಧ ಆಗೇತಿ. ಬಸವ ಜಯಂತಿ ಆದ ಮೂರನೇ ದಿನ ಮದಿವಿ!"

ಬೋರಮಾಳವೆಂದರೆ ಬಂಗಾರದ ಗುಂಡುಗಳ ಸರ. ಮದುಮಗಳ ಕೊರಳಲ್ಲಿ ಇರಲೇಬೇಕಾದದ್ದು. ಇನ್ನೊಬ್ಬ ಪತ್ತಾರರಿಗೆ ಕೊಡಿ ಎಂದೆ. ಕಂಪೌಂಡರು ನನ್ನನ್ನು ಕರುಣೆಯಿಂದ ನೋಡಿದರು. ಒಬ್ಬರು ಕೈಹಚ್ಚಿ ಅರ್ಧ ಮಾಡಿದ ಕೆಲಸವನ್ನು ಇನ್ನೊಬ್ಬ ಪತ್ತಾರ ಮುಟ್ಟುವುದಿಲ್ಲವಂತೆ. ಮುಟ್ಟಿದರೆ ಮೊದಲಿನವರ ಹೊಟ್ಟೆಯ ಮೇಲೆ ಕಾಲಿಟ್ಟಂತೆ.

"ಹಂಗಾದ್ರ ಅವರ ಮುಳ್ಳು ಏರೂ ಹಂಗ ದೇವರಿಗೆ ಬೇಡಕೋರಿ," ಎಂದೆ. ನಾನು ಚೇಷ್ಟೆಗೆ ಅಂದದ್ದು. ಕಂಪೌಂಡರು ಮರುದಿನವೇ ಬೇಡಿಕೊಂಡು ಬಂದರು.

ಮಾಸ್ತರರ ಮುಂಗಡ ಉಸಿರು

ದವಾಖಾನೆಯಲ್ಲಿ ತಿಂಗಳಿಗೊಮ್ಮೆ ಊದಿದರೆ ಸಾಲದು, ಮನೆಯಲ್ಲಿ ದಿನಾ ಮುಂಜಾನೆ ಸಂಜೆ ಊದಿ ಬರೆದಿಟ್ಟರೆ ರೋಗದ ಏರಿಳಿತ ಗೊತ್ತಾಗುತ್ತದೆ. ಅದಕ್ಕೆ ಇನ್ನೊಂದು ಕೊಳವೆ ತರಿಸಿದೆ. ಯಾರಿಗೆ ಕೊಡುವುದು? ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನ್ನ ರೋಗಿ. ಶಿಸ್ತಿನ ಮನುಷ್ಯ. ಅವರಿಗೆ ಕೊಳವೆಯನ್ನೂ, ಗೆರೆ ಎಳೆದ ಒಂದು ಚಾರ್ಟನ್ನೂ ಕೊಟ್ಟು ಕಳಿಸಿದೆ.

ಎರಡು ವಾರದ ಮೇಲೆ ಚಾರ್ಟು ತಂದರು. ಮುಂಜಾನೆಯದು ನೀಲಿ ಶಾಯಿ, ಸಂಜೆಯದು ಕೆಂಪು ಶಾಯಿ. ಒಂದು ಕಾಟು ಗೀಟು ಇಲ್ಲ. ನಾನು ಮೆಚ್ಚಿ ನೋಡುತ್ತ ನೋಡುತ್ತ ಕೊನೆಗೆ ಬಂದೆ.

"ಮಾಸ್ತರ್ರ, ಇವತ್ತು ಎಷ್ಟನೇ ತಾರೀಖ್ರಿ?"

"ಹನ್ನೆರಡು."

"ಚಾರ್ಟು ಹದಿನೆಂಟರ ತನಕ ತುಂಬೇತಿ."

"ಹೌದ್ರಿ. ಹದಿಮೂರಕ್ಕ ಕದರಮಂಡಲಗಿಗೆ ಹೊಂಟೇವಿ, ಆಂಜನೇಯನ ಗುಡಿಯಾಗ ಮೊಮ್ಮಗನ ಜವಳದ ಕೂದಲಾ ತಗಸಾಕ. ಅಲ್ಲಿಂದ ಬೀಗರ ಊರಿಗೆ. ಅಷ್ಟು ಮಂದಿ ನಡಬರಕ ಕೊಳವಿ ಹಿಡಕೊಂಡು ಊದಿದ್ರ ಚಂದ ಕಾಣೂದಿಲ್ಲ. ಅದಕ್ಕ ಮುಂದಿನ ಆರು ದಿನದ್ದು ನಿನ್ನೆ ಮಧ್ಯಾಹ್ನನ ಊದಿ ಮುಗಿಸೇನಿ."

ನಾನು ಚಾರ್ಟಿನಿಂದ ತಲೆಯೆತ್ತಿ ಅವರ ಮುಖ ನೋಡಿದೆ. ಮಾಸ್ತರರು ನನ್ನ ನೋಟವನ್ನು ಅನುಮಾನ ಎಂದು ತಿಳಿದು ನೊಂದುಕೊಂಡರು.

"ಸುಳ್ಳು ಬರಿಯೂ ಮನಿಶಾ ನಾ ಅಲ್ರಿ. ಒಂದೊಂದೂ ಊದೇ ಬರದೇನಿ. ಹನ್ನೆರಡು ಸಲ ಊದೇನಿ."

ಸರಿ, ನೋಡಿಯೇ ಬಿಡೋಣ ಎಂದು ಅಂಕಿಗಳ ಮೇಲೆ ಬೆರಳಾಡಿಸಿದೆ. ಹದಿನಾರರ ತನಕ ಚೆನ್ನಾಗಿತ್ತು. ಅಲ್ಲಿಂದ ಇಳಿಯುತ್ತ ಹೋಗಿತ್ತು.

"ಹದಿನೇಳು, ಹದಿನೆಂಟಕ್ಕ ಯಾಕ ಕಡಿಮಿ ಐತ್ರಿ?"

"ಅಷ್ಟೊತ್ತಿಗೆ ಸಾಕಾಗಿತ್ರಿ," ಎಂದರು ಮಾಸ್ತರರು.

ಬ್ಯಾಡಗಿಯಲ್ಲಿ ರೋಗಿ ಯಾರು

ವಾರಕ್ಕೊಂದು ದಿನ ನಾನೂ ಕಂಪೌಂಡರೂ ಬ್ಯಾಡಗಿಗೆ ಹೋಗುತ್ತಿದ್ದೆವು. ಔಷಧದ ಅಂಗಡಿಯ ಹಿಂದೆ ಒಂದು ಕೋಣೆ. ಮುಂದೆ ರಸ್ತೆಯುದ್ದಕ್ಕೂ ಮೆಣಸಿನಕಾಯಿ ಚೀಲ. ಸುಗ್ಗಿಯಲ್ಲಿ ಬಸ್ಸಿಳಿದವರೆಲ್ಲ ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಊರವರಿಗೆ ಮಾತ್ರ ಏನೂ ಆಗುವುದಿಲ್ಲ. ನಾನು ಹೋದಾಗೆಲ್ಲ ಕರ್ಚೀಪಿನಲ್ಲಿ ಮೂಗು, ಕಣ್ಣು ಒರೆಸಿಕೊಳ್ಳುತ್ತಲೇ ಕೆಲಸ ಮಾಡಬೇಕು.

ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದ ಅಜ್ಜಿಯೊಬ್ಬರು ನನ್ನ ಹಳೆಯ ರೋಗಿ. ಪಂಪು ಶುರು ಮಾಡಿದ ಮೇಲೆ ಎಷ್ಟು ಸುಧಾರಿಸಿದ್ದಾರೆ ಎಂದು ಅಳೆಯಬೇಕಿತ್ತು. ಅವರು ಕೊಳವೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹೆಂಗ ಊದೂದ್ರಿ ಇದನ್ನ? ಒಮ್ಮೆ ನೀವ ಊದಿ ತೋರಸ್ರಿ," ಎಂದರು.

ನಾನು ಉಸಿರು ತುಂಬ ಎಳೆದುಕೊಂಡೆ. ಬ್ಯಾಡಗಿಯಲ್ಲಿ ಉಸಿರು ತುಂಬ ಎಳೆದುಕೊಳ್ಳಬಾರದು. ಘಾಟು ಗಂಟಲಿಗೆ ಇಳಿಯಿತು. ಅರ್ಧ ಊದಿ, ಅರ್ಧ ಕೆಮ್ಮಿ, ಕಣ್ಣೀರು ಸುರಿಸುತ್ತ ಮುಳ್ಳು ನೋಡಿದರೆ ಇನ್ನೂರಾ ಎಪ್ಪತ್ತು.

ಅಜ್ಜಿ ಊದಿದರು. ಮುನ್ನೂರಾ ನಲವತ್ತು.

ಕಂಪೌಂಡರು ಎರಡನ್ನೂ ಗಟ್ಟಿಯಾಗಿ ಓದಿದರು. ಬಾಗಿಲಲ್ಲಿ ನಿಂತಿದ್ದ ನಾಲ್ಕು ಮಂದಿ ಕೇಳಿಸಿಕೊಂಡರು. ಅಜ್ಜಿ ಎದ್ದು ನಿಂತು, ತಾವು ಕುಳಿತಿದ್ದ ರೋಗಿಯ ಸ್ಟೂಲನ್ನು ನನ್ನ ಕಡೆ ಸರಿಸಿ, "ನೀವು ಕುಂದ್ರಿ ಸಾಹೇಬ್ರ. ಎಷ್ಟು ದಿನದಿಂದ ಐತ್ರಿ ನಿಮಗ ಈ ದಮ್ಮು?" ಎಂದು ಕೇಳಿದರು.

ಸೀನು

ಅದೇ ದಿನ ಮಧ್ಯಾಹ್ನ ರೋಗಿಗಳು ಮುಗಿದ ಮೇಲೆ ಕಂಪೌಂಡರು ಕೊಳವೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, "ಸಾಹೇಬ್ರ, ಇವತ್ತು ರಾಣೆಬೆನ್ನೂರ ಬಸ್ಸು ಬ್ಯಾಡ. ಹಾವೇರಿಗೆ ಹೋಗೋಣ್ರಿ," ಎಂದರು. ಬಸವ ಜಯಂತಿಗೆ ಹನ್ನೊಂದು ದಿನ ಉಳಿದಿತ್ತು. ಪತ್ತಾರರು ಬೆಂಕಿ ಬಿಟ್ಟು ಎರಡು ತಿಂಗಳಾಗಿತ್ತು. ನಡುವೆ ಒಮ್ಮೆ ಬಂದು ಊದಿದಾಗಲೂ ಅದೇ ನೂರಾ ಎಂಬತ್ತು. ಅವರು ನನ್ನ ಮಾತು ಮೀರುವವರಲ್ಲ. ನಾನೇ ಮನೆಗೆ ಹೋಗಿ, ಮುಳ್ಳು ಏರಿದೆಯೋ ಇಲ್ಲವೋ ನೋಡಿ, ಏರದಿದ್ದರೂ ನಾಲ್ಕು ದಿನದ ಮಟ್ಟಿಗೆ ಬೆಂಕಿ ಹಚ್ಚಲು ಹೂಂ ಅನ್ನಬೇಕು ಎಂಬುದು ಕಂಪೌಂಡರ ಹಂಚಿಕೆ. ಮಗಳ ಮದುವೆ ಅವರದು, ತಪ್ಪು ಇದ್ದರೆ ನನ್ನದು. ಹೊರಟೆ.

ಪತ್ತಾರರ ಮನೆ ಹಾವೇರಿಯ ಒಂದು ಓಣಿಯಲ್ಲಿ. ಪಡಸಾಲೆಯೇ ಅವರ ಕೆಲಸದ ಜಾಗ. ಅಗ್ಗಿಷ್ಟಿಕೆ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಪಕ್ಕದಲ್ಲಿ ಬಾಗಿದ ಹಿತ್ತಾಳೆಯ ಊದುಗೊಳವೆ, ಅದರ ಮೇಲೆ ಧೂಳು. ಮಾತ್ರೆಯಿಂದ ಪತ್ತಾರರ ಮುಖ ಉಬ್ಬಿ ದುಂಡಗಾಗಿತ್ತು. ಓಣಿಯವರು, ಕೆಲಸ ಬಿಟ್ಟ ಮೇಲೆ ಪತ್ತಾರರು ಮೈಕೈ ತುಂಬಿಕೊಂಡಿದ್ದಾರೆ ಎಂದು ಮಾತಾಡಿಕೊಳ್ಳುತ್ತಿದ್ದರಂತೆ.

"ಬರ್ರಿ ಡಾಕ್ಟರ್ರ," ಎಂದು ಅವರ ಹೆಂಡತಿ ನೀರು ತಂದುಕೊಟ್ಟರು. ಕೊಟ್ಟವರು ಹೋಗದೆ ಅಲ್ಲೇ ನಿಂತು ಹೇಳಿದರು: "ಲಗೂನ ಇವರಿಗೆ ಕೆಲಸಾ ಮಾಡಾಕ ಹೇಳ್ರಿ. ಎರಡು ತಿಂಗಳಾತು, ದಿನಾ ಅಡಗಿಮನ್ಯಾಗ ನನ್ನ ಬಾಜೂಕ ಕುಂದರತಾರ. ರೊಟ್ಟಿ ಗುಂಡಗ ಬಂದಿಲ್ಲ, ಅಂಚಿಗೆ ಒಂಚೂರು ಅರ ಹಚ್ಚು ಅಂತಾರ."

ಪತ್ತಾರರು ನಗಲಿಲ್ಲ. ಹಲಗೆಯ ಮುಂದೆ ಕುಳಿತು ಸಣ್ಣ ಅರದಿಂದ ಬಂಗಾರದ ಗುಂಡೊಂದನ್ನು ತಿಕ್ಕುತ್ತಿದ್ದರು. ಬೆಂಕಿ ಇಲ್ಲದೆ ಮಾಡಬಹುದಾದದ್ದು ಅದೊಂದೇ. ಬೋರಮಾಳದ ಗುಂಡುಗಳನ್ನೆಲ್ಲ ತಿಕ್ಕಿ ತಿಕ್ಕಿ ನುಣುಪು ಮಾಡಿ ಇಟ್ಟಿದ್ದರು. ಉದುರಿದ ಪುಡಿ ಕರಗಿಸಿ ಕೊನೆಯ ಗುಂಡೊಂದನ್ನು ಮಾಡುವುದು, ಬೆಸುಗೆ ಹಾಕುವುದು ಬಾಕಿ. ಹಲಗೆಯ ಮೇಲೆ ಬಂಗಾರದ ಪುಡಿ ಹಳದಿ ಹಿಟ್ಟಿನ ಹಾಗೆ ಬಿದ್ದಿತ್ತು. ಕಂಪೌಂಡರು ಅದನ್ನು ಕಣ್ತುಂಬ ನೋಡಿ, "ನಮ್ಮದ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಏಪ್ರಿಲ್ ತಿಂಗಳ ಸೆಕೆ. ತಲೆಯ ಮೇಲೆ ಫ್ಯಾನು ನಿಂತಿತ್ತು. ನಾನು ಎದ್ದು ಗೋಡೆಯ ಸ್ವಿಚ್ಚಿಗೆ ಕೈ ಹಾಕಿದೆ. ಗಂಡ, ಹೆಂಡತಿ, ಕಂಪೌಂಡರು ಮೂವರೂ ಒಟ್ಟಿಗೆ "ಹಚ್ಚಬ್ಯಾಡ್ರೀ!" ಎಂದು ಕೂಗಿದರು. ಹೆದರಿ ಕೈ ಹಿಂದೆ ತೆಗೆದೆ. ಮುಖವೆಲ್ಲ ಬೆವರು. ಜೇಬಿನಿಂದ ಕರ್ಚೀಪು ತೆಗೆದು, ಹಲಗೆಯ ಪಕ್ಕದಲ್ಲೇ ಕುಳಿತುಕೊಂಡು, ಮುಖಕ್ಕೆ ಒತ್ತಿಕೊಂಡೆ.

ಮುಂಜಾನೆಯಿಂದ ಬ್ಯಾಡಗಿಯಲ್ಲಿ ಮೂಗು ಒರೆಸಿದ್ದ ಕರ್ಚೀಪು ಅದು.

ಮೊದಲು ಮೂಗಿನ ಬುಡ ಕಚಗುಳಿ ಇಟ್ಟಿತು. ಆಮೇಲೆ ಕಣ್ಣು ಉರಿಯಿತು. ತಡೆಯಲು ನೋಡಿದೆ. ತಡೆದದ್ದರಿಂದ ಅದಕ್ಕೆ ಇನ್ನಷ್ಟು ಬಲ ಬಂತು. ಸೀನಿದೆ. ನನ್ನ ಜನ್ಮದಲ್ಲಿ ಹಿಂದೆ ಅಷ್ಟು ದೊಡ್ಡ ಸೀನು ಸೀನಿರಲಿಲ್ಲ, ಮುಂದೆ ಸೀನಿಲ್ಲ. ಕಣ್ಣು ಬಿಟ್ಟಾಗ ಹಲಗೆ ಸ್ವಚ್ಛವಾಗಿತ್ತು.

ಪತ್ತಾರರ ಹೆಂಡತಿ ಸದ್ದಿಲ್ಲದೆ ಹೋಗಿ ಬೀದಿ ಬಾಗಿಲು ಹಾಕಿದರು, ಕಿಟಕಿ ಮುಚ್ಚಿದರು. "ಯಾರೂ ಅಲುಗ್ಯಾಡಬ್ಯಾಡ್ರಿ," ಎಂದರು ಪತ್ತಾರರು. ಒದ್ದೆ ಬಟ್ಟೆ ಬಂತು, ಮೊಲದ ಕೂದಲಿನಷ್ಟು ಮೆತ್ತಗಿನ ಕುಂಚ ಬಂತು. ನನ್ನನ್ನು ಬಿಳಿ ಚಾದರದ ಮೇಲೆ ನಿಲ್ಲಿಸಿ ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಕುಂಚದಿಂದ ಸವರಿದರು. ಪ್ಯಾಂಟಿನ ಮಡಿಕೆ ಬಿಡಿಸಿ ಜಾಡಿಸಿದರು. ಜಾಡಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದವರು ನನ್ನ ಕಂಪೌಂಡರು.

"ಸಾಹೇಬ್ರ, ಅಂಗಿ ತೆಗೀರಿ," ಎಂದರು ಪತ್ತಾರರು. "ಬಿಡೂ ಹಂಗಿಲ್ರಿ, ತೊಳದು ತಗೀಬೇಕು. ಕರ್ಚೀಪೂ ಕೊಡ್ರಿ."

ಅಂಗಿ ಕೊಟ್ಟು ಬನಿಯನ್ನಿನಲ್ಲಿ ಕುಳಿತೆ. ಪತ್ತಾರರಿಗೆ ಈಗ ಸಿಟ್ಟಿಗಿಂತ ದುಃಖ ಬಂದಿತ್ತು. "ನಲವತ್ತು ವರ್ಷ ಆತ್ರಿ ಈ ಹಲಗಿ ಮುಂದ ಕುಂತು. ಒಂದ ದಿನ ಜೋರ ಉಸರು ಬಿಟ್ಟಾಂವಲ್ಲ ನಾ. ಸಣ್ಣಂವಿದ್ದಾಗ ಒಮ್ಮೆ ಬಿಟ್ಟಿದ್ದೆ. ಅಪ್ಪ ಚಿಮಟಾ ತಗೊಂಡು ಹೊಡದಿದ್ದ. ಊದೂದಂದ್ರ ಹೆಂಗಿರಬೇಕ್ರಿ? ದೀಪದ ಜ್ವಾಲಿ ಬಾಗಬೇಕು, ಆರಬಾರದು."

ನನ್ನ ತಲೆಯೊಳಗೆ ಏನೋ ಕಟಕ್ಕೆಂದಿತು.

"ಪತ್ತಾರ್ರ, ನನ್ನ ಕೊಳವಿ ಹೆಂಗ ಊದತಿದ್ರಿ?"

"ಹಂಗನರಿ. ಗಲ್ಲದಾಗ ಗಾಳಿ ಹಿಡದು, ಸಣ್ಣಂಗ, ಒಂದ ಸಮನ. ಮೂಗಿನ್ಯಾಗ ಎಳಕೋತ, ಬಾಯಿಲೆ ಬಿಟಗೋತ. ನೀವು ಸಾಕು ಅನ್ನೂದಿಲ್ಲಂದ್ರ ತಾಸುಗಟ್ಟಲೆ ಊದತೇನಿ."

"ನಾ ಸಲಾ ಸಲಾ ಹೇಳತಿದ್ನಲ್ಲ, ಒಮ್ಮೆಲೇ ಜೋರ ಊದ್ರಿ ಅಂತ?"

ಪತ್ತಾರರು ಸಂಕೋಚದಿಂದ ಹೆಂಡತಿಯ ಕಡೆ ನೋಡಿ, ನನ್ನ ಕಡೆ ನೋಡಿ ಹೇಳಿದರು: "ಹೇಳತಿದ್ರಿ. ಪಾಪ, ಊದೂ ಕೆಲಸ ಗೊತ್ತಿಲ್ಲದವರು, ಹೇಳಿದ್ರ ಹೇಳಲಿ ಬಿಡು ಅಂತ ಸುಮ್ಮನಿದ್ದೆ."

ಕಂಪೌಂಡರು ಆಗಲೇ ಚೀಲದಿಂದ ಕೊಳವೆ ತೆಗೆದಿದ್ದರು. ಎಲ್ಲರೂ ಹಿತ್ತಲಿಗೆ ಹೋದೆವು. ಅಲ್ಲಿ ಬಚ್ಚಲ ಒಲೆ, ಒಂದು ಕರಿಬೇವಿನ ಗಿಡ. "ಇಲ್ಲಿ ಬಂಗಾರ ಇಲ್ರಿ. ಊದ್ರಿ," ಎಂದೆ. ಪತ್ತಾರರು ಸುತ್ತಮುತ್ತ ನೋಡಿ, ರೂಢಿಯಂತೆ ಕಣ್ಣು ಅರ್ಧ ಮುಚ್ಚಿದರು. ನೂರಾ ತೊಂಬತ್ತು. ಇನ್ನೊಮ್ಮೆ ಎಂದೆ. ನೂರಾ ಎಂಬತ್ತೈದು. ಕಂಪೌಂಡರು ಅಳುವುದೊಂದು ಬಾಕಿ.

ಆಗ ಹೆಂಡತಿ ಮುಂದೆ ಬಂದರು. "ಹಂಗಲ್ಲ. ಸಾರಿಗೆ ಉಪ್ಪು ಹಾಕಾಕ ಮರತಾಗ ನನ್ನ ಮ್ಯಾಲ ಉಸರು ಬಿಡತೀರಲ್ಲ, ಹಂಗ ಬಿಡ್ರಿ."

ಪತ್ತಾರರು ಕೊಳವೆ ಬಾಯಿಗಿಟ್ಟರು. ಹುಬ್ಬು ಗಂಟಿಕ್ಕಿದರು. ಊದಿದರು. ಕರಿಬೇವಿನ ಗಿಡದ ಮೇಲಿದ್ದ ಗುಬ್ಬಿ ಹಾರಿಹೋಯಿತು. ಮುಳ್ಳು ನಾನೂರಾ ನಲವತ್ತು.

ಖಾತ್ರಿಗೆಂದು ನಾನು ಇನ್ನೂ ಎರಡು ಸಲ ಊದಿಸಿದೆ. ನಾನೂರಾ ಮೂವತ್ತು. ನಾನೂರಾ ಐವತ್ತು. ಅವರ ರೋಗ ಮೊದಲ ತಿಂಗಳಲ್ಲೇ ಹತೋಟಿಗೆ ಬಂದಿತ್ತು. ನನ್ನ ಎದುರು ಕುಳಿತು ಆರಾಮ ಎಂದವರ ಪೈಕಿ ಖರೇ ಹೇಳಿದವರು ಅವರೊಬ್ಬರೇ, ನಾನು ನಂಬದೆ ಹೋದದ್ದೂ ಅವರನ್ನೇ. ಕೆಲಸ ಗೊತ್ತಿದ್ದ ಮನುಷ್ಯನನ್ನು ಎರಡು ತಿಂಗಳು ರೊಟ್ಟಿಯ ಅಂಚು ನೋಡುತ್ತ ಕೂರುವಂತೆ ಮಾಡಿದ್ದೆ. ನನಗೆ ಬಹಳ ನಾಚಿಕೆಯಾಯಿತು. "ತಪ್ಪು ನಂದು ಪತ್ತಾರ್ರ. ಮಾತ್ರಿ ಸ್ವಲ್ಪ ಸ್ವಲ್ಪ ಇಳಿಸಿ ಬಿಡಸ್ತೇನಿ. ಪಂಪು ಬಿಡಬ್ಯಾಡ್ರಿ. ಕಿಟಕಿ ತಗದಿಟ್ಟು ಬೆಂಕಿ ಹಚ್ಚಕೋರಿ," ಎಂದೆ.

ಪತ್ತಾರರು ಒಳಗೆ ಹೋಗಿ ಅಗ್ಗಿಷ್ಟಿಕೆಯನ್ನು ನೆಟ್ಟಗೆ ಮಾಡಿದರು. ಊದುಗೊಳವೆಯನ್ನು ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಹೆಂಡತಿ ಇದ್ದಲಿ ತರಲು ಹೋದರು.

ನಾನು ಪತ್ತಾರರ ಅಂಗಿ ತೊಟ್ಟುಕೊಂಡು ರಾಣೆಬೆನ್ನೂರಿಗೆ ಬಂದೆ. ತೋಳು ಮೊಣಕೈಯ ತನಕ ಇತ್ತು. ಮನೆಯಲ್ಲಿ ನನ್ನಾಕೆಗೆ ನಡೆದದ್ದನ್ನೆಲ್ಲ ಹೇಳಿದರೂ ಆಕೆ ಒಂದು ವಾರ ಪೂರ್ತಿ ನಂಬಲಿಲ್ಲ.

ಬೋರಮಾಳ ಮದುವೆಗೆ ಎರಡು ದಿನ ಮೊದಲು ತಯಾರಾಯಿತು. ತೂಕ ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ. ಮದುವೆಯ ದಿನ ನಾನು ಮಂಟಪಕ್ಕೆ ಹೋದಾಗ ಕಂಪೌಂಡರು ಓಡಿಬಂದು ನನ್ನ ಕೈ ಹಿಡಿದು, ಗಂಡಿನ ಕಡೆಯ ಹಿರಿಯರೆಲ್ಲ ಸಾಲಾಗಿ ಕುಳಿತಲ್ಲಿಗೆ ಕರೆದುಕೊಂಡು ಹೋದರು. ಪತ್ತಾರರೂ ಅಲ್ಲೇ ಇದ್ದರು.

"ಇವರ ನೋಡ್ರಿ ನಮ್ಮ ಡಾಕ್ಟರು," ಎಂದು ಕಂಪೌಂಡರು ಬಹಳ ಅಭಿಮಾನದಿಂದ ಹೇಳಿದರು. "ನಿಮ್ಮ ಸೊಸಿ ಕೊಳ್ಳಾಗಿನ ಬೋರಮಾಳದಾಗ ಒಂದು ಗುಂಡು ಇವರ ಅಂಗಿಯೊಳಗಿಂದ ಬಂದದ್ದು."

ಹಿರಿಯರೆಲ್ಲ ನನ್ನ ಅಂಗಿಯನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಪತ್ತಾರರು ಗಂಟಲು ಸರಿಮಾಡಿಕೊಂಡು, ಲೆಕ್ಕ ತಪ್ಪಬಾರದೆಂದು ತಿದ್ದಿದರು:

"ಅಂಗಿಯಾಗ ಅರ್ಧ ಗುಂಡ್ರಿ. ಉಳದ ಅರ್ಧ ಮೀಸಿಯಾಗ ಸಿಕ್ತು."